ಮಗು ಆರಿಸಿಕೊಂಡ ಕೆಲಸ

ಮೊಳಕ್ಕಿಂತ ತುಸು ಉದ್ದದ ಒಂದು ಮರದ ದಿಮ್ಮಿ. ಅದರಲ್ಲಿ ಸಾಲಾಗಿ ಹತ್ತು ಗುಳಿಗಳು. ಪ್ರತಿ ಗುಳಿಯಲ್ಲೂ ಅದಕ್ಕೆ ಸರಿಯಾಗಿ ಕೂರುವ ಒಂದು ಮರದ ಸಿಲಿಂಡರ್, ಅದರ ನೆತ್ತಿಯಲ್ಲಿ ಮೂರು ಬೆರಳಿಗೆ ಸಿಗುವಷ್ಟು ಪುಟ್ಟ ಹಿಡಿ. ಮಾಂಟೆಸ್ಸರಿ ಮನೆಗಳಲ್ಲಿ, ಅಂದರೆ ಆ ಪದ್ಧತಿಯ ಪುಟ್ಟ ಮಕ್ಕಳ ಶಾಲೆಗಳಲ್ಲಿ, ಇಂಥ ನಾಲ್ಕು ದಿಮ್ಮಿಗಳಿರುತ್ತವೆ. ಒಂದರಲ್ಲಿ ಸಿಲಿಂಡರುಗಳ ಎತ್ತರ ಒಂದೇ, ದಪ್ಪ ಮಾತ್ರ ಇಳಿಯುತ್ತ ಹೋಗುತ್ತದೆ. ಇನ್ನೊಂದರಲ್ಲಿ ದಪ್ಪ ಒಂದೇ, ಎತ್ತರ ಇಳಿಯುತ್ತದೆ. ಮತ್ತೊಂದರಲ್ಲಿ ಎರಡೂ ಒಟ್ಟಿಗೆ ಇಳಿಯುತ್ತವೆ. ಉಳಿದದ್ದರಲ್ಲಿ ದಪ್ಪ ಇಳಿದಂತೆ ಎತ್ತರ ಏರುತ್ತದೆ. ಮಗು ಮಾಡಬೇಕಾದ ಕೆಲಸ ಇಷ್ಟೇ: ಹತ್ತನ್ನೂ ಹೊರತೆಗೆದು, ಕಲಸಿಟ್ಟು, ಮತ್ತೆ ಅದರದರ ಗುಳಿಗೆ ಸೇರಿಸುವುದು.

ತಪ್ಪಿದರೆ ಹೇಳುವವರು ಯಾರೂ ಬೇಕಿಲ್ಲ. ದಪ್ಪ ಬದಲಾಗುವ ದಿಮ್ಮಿಯಲ್ಲಿ ಸಣ್ಣ ಸಿಲಿಂಡರನ್ನು ದೊಡ್ಡ ಗುಳಿಗೆ ಇಳಿಸಿದರೆ ಅದೇನೋ ಒಳಗೆ ಹೋಗುತ್ತದೆ, ಆದರೆ ಕೊನೆಯಲ್ಲಿ ಒಂದು ದಪ್ಪ ಸಿಲಿಂಡರ್ ಮತ್ತು ಅದು ಹಿಡಿಸದ ಒಂದು ಕಿರಿದಾದ ಗುಳಿ ಉಳಿದುಬಿಡುತ್ತವೆ. ಎತ್ತರ ಬದಲಾಗುವ ದಿಮ್ಮಿ ಇನ್ನೂ ಸೂಕ್ಷ್ಮ. ಅಲ್ಲಿ ಯಾವ ಸಿಲಿಂಡರೂ ಯಾವ ಗುಳಿಗೂ ಹೋಗುತ್ತದೆ. ತಪ್ಪಾಗಿದ್ದರೆ ಒಂದು ಮೇಲೆ ಚಾಚಿಕೊಂಡಿರುತ್ತದೆ, ಇನ್ನೊಂದು ಒಳಗೆ ಮುಳುಗಿರುತ್ತದೆ, ಅಷ್ಟೇ. ಮೂರು ವರ್ಷದ ಮಗು ಅದನ್ನು ನೋಡುತ್ತದೆ, ಬೆರಳಾಡಿಸುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಎರಡನ್ನೂ ಹೊರತೆಗೆದು ಅದಲುಬದಲು ಮಾಡುತ್ತದೆ. ಕೆಲಸ ಮುಗಿದ ಮೇಲೆ ಸುಮ್ಮನಾಗುವುದಿಲ್ಲ. ಹತ್ತನ್ನೂ ಮತ್ತೆ ಹೊರತೆಗೆಯುತ್ತದೆ.

ಈ "ಮತ್ತೆ"ಯೇ ಈ ಅಧ್ಯಾಯದ ವಿಷಯ. ದೊಡ್ಡವರಾದ ನಮಗೆ ಒಮ್ಮೆ ಬಿಡಿಸಿದ ಒಗಟಿನಲ್ಲಿ ಆಸಕ್ತಿ ಉಳಿಯುವುದಿಲ್ಲ. ಮಗುವಿಗೆ ಬಿಡಿಸಿದ ಮೇಲೇ ಆಸಕ್ತಿ ಹುಟ್ಟುತ್ತದೆ. ಏಕೆ? ಇದನ್ನು ಒಂದು ವೈಜ್ಞಾನಿಕ ಪ್ರಶ್ನೆಯಾಗಿ ಕಂಡ ಮೊದಲಿಗರಲ್ಲಿ ಮರಿಯಾ ಮಾಂಟೆಸ್ಸರಿ ಒಬ್ಬರು. ಆಕೆ ವೃತ್ತಿಯಿಂದ ಶಿಕ್ಷಕಿಯಲ್ಲ, ವೈದ್ಯೆ.

1870ರಲ್ಲಿ ಇಟಲಿಯ ಕ್ಯಾರವಲ್ಲೆ ಎಂಬ ಊರಿನಲ್ಲಿ ಹುಟ್ಟಿದ ಮಾಂಟೆಸ್ಸರಿ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಆ ಕಾಲದ ಇಟಲಿಯಲ್ಲಿ ವೈದ್ಯೆಯರನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದಿತ್ತು. ವಿಶ್ವವಿದ್ಯಾಲಯದ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುವಾಗ, ಬುದ್ಧಿ ಬೆಳೆಯದವರೆಂದು ಹಣೆಪಟ್ಟಿ ಹಚ್ಚಿ ಕೂಡಿಹಾಕಿದ್ದ ಮಕ್ಕಳನ್ನು ಅವರು ಹತ್ತಿರದಿಂದ ಕಂಡರು. ಆ ಮಕ್ಕಳಿಗೆ ಬೇಕಾದದ್ದು ಔಷಧಿಗಿಂತ ಹೆಚ್ಚಾಗಿ ಕೈಗೆ ಕೆಲಸ ಎಂಬುದು ಅವರಿಗೆ ಮನವರಿಕೆಯಾಯಿತು. ಫ್ರಾನ್ಸಿನ ಇಬ್ಬರು ವೈದ್ಯರ ಹಳೆಯ ಬರಹಗಳನ್ನು ಹುಡುಕಿ ಓದಿದರು. ಒಬ್ಬರು ಝಾನ್ ಇಟಾರ್, ಅವೆರಾನ್ ಕಾಡಿನಲ್ಲಿ ಸಿಕ್ಕ ವಿಕ್ಟರ್ ಎಂಬ ಹುಡುಗನಿಗೆ ಕಲಿಸಲು ವರ್ಷಗಟ್ಟಲೆ ಹೆಣಗಿದವರು. ಇನ್ನೊಬ್ಬರು ಅವರ ಶಿಷ್ಯ ಎದುವಾರ್ ಸೆಗೆನ್. ಇಂದು ಮಾಂಟೆಸ್ಸರಿ ಮನೆಗಳ ಕಪಾಟಿನಲ್ಲಿ ಕಾಣುವ ಎಷ್ಟೋ ಪರಿಕರಗಳ ಬೇರು ಇವರಿಬ್ಬರಲ್ಲಿದೆ.

ಸಾಮಾನ್ಯ ಮಕ್ಕಳ ನಡುವೆ ಕೆಲಸ ಮಾಡುವ ಅವಕಾಶ ಬಂದದ್ದು ಅನಿರೀಕ್ಷಿತ ಕಡೆಯಿಂದ. ರೋಮಿನ ಸ್ಯಾನ್ ಲೊರೆಂಜೊ ಬಡವರ ಬಡಾವಣೆ. ಅಲ್ಲಿನ ವಠಾರಗಳನ್ನು ಒಂದು ಕಟ್ಟಡ ಸಂಸ್ಥೆ ದುರಸ್ತಿ ಮಾಡಿಸಿ ಕೂಲಿಕಾರರ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿ ದುಡಿಯಲು ಹೋದಾಗ ಶಾಲೆಯ ವಯಸ್ಸು ಬಾರದ ಮಕ್ಕಳು ಮೆಟ್ಟಿಲುಗಳಲ್ಲಿ ಓಡಾಡಿಕೊಂಡು ಹೊಸ ಗೋಡೆಗಳನ್ನು ಗೀಚಿ ಹಾಳುಮಾಡುತ್ತಿದ್ದರು. ಗೋಡೆಗೆ ಮತ್ತೆ ಮತ್ತೆ ಬಣ್ಣ ಬಳಿಸುವ ದುಡ್ಡಿನಲ್ಲಿ ಮಕ್ಕಳನ್ನು ಒಂದು ಕೋಣೆಯಲ್ಲಿ ನೋಡಿಕೊಳ್ಳಬಹುದು ಎಂಬುದು ಸಂಸ್ಥೆಯ ಮುಖ್ಯಸ್ಥ ಎದುವಾರ್ದೊ ತಲಾಮೊ ಅವರ ಲೆಕ್ಕಾಚಾರ. ಹೊಣೆಯನ್ನು ಅವರು ಮಾಂಟೆಸ್ಸರಿಗೆ ವಹಿಸಿದರು. 1907ರ ಜನವರಿ 6ರಂದು ಮಾರ್ಸಿ ಬೀದಿಯ 58ನೇ ಸಂಖ್ಯೆಯ ಕಟ್ಟಡದಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳೊಂದಿಗೆ 'ಕಾಸಾ ದೇಯ್ ಬಂಬೀನಿ', ಮಕ್ಕಳ ಮನೆ, ಬಾಗಿಲು ತೆರೆಯಿತು. ಮಕ್ಕಳನ್ನು ನೋಡಿಕೊಳ್ಳಲು ನೇಮಿಸಿದ ಹೆಂಗಸು ತರಬೇತಾದ ಶಿಕ್ಷಕಿಯೂ ಅಲ್ಲ. ಮಾಂಟೆಸ್ಸರಿಗೆ ಅದೇ ಅನುಕೂಲವಾಯಿತು. ಪಾಠ ಮಾಡುವ ಚಟ ಆಕೆಗೆ ಅಂಟಿರಲಿಲ್ಲ.

ಅಲ್ಲಿ ಕಂಡದ್ದನ್ನು ಮಾಂಟೆಸ್ಸರಿ ಮುಂದೆ ತಮ್ಮ ಪುಸ್ತಕಗಳಲ್ಲಿ ಹಲವು ಬಾರಿ ವರ್ಣಿಸಿದ್ದಾರೆ. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಸಿಲಿಂಡರುಗಳನ್ನು ತೆಗೆದು ಸೇರಿಸುತ್ತಿದ್ದಳು. ಮಾಂಟೆಸ್ಸರಿ ಎಣಿಸತೊಡಗಿದರು. ಹುಡುಗಿಯ ಗಮನ ಎಷ್ಟು ಗಟ್ಟಿ ಎಂದು ನೋಡಲು ಉಳಿದ ಮಕ್ಕಳಿಗೆ ಸುತ್ತ ಹಾಡುತ್ತ ಓಡಾಡಲು ಹೇಳಿದರು. ಅವಳು ತಲೆಯೆತ್ತಲಿಲ್ಲ. ಅವಳು ಕುಳಿತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಅವಳು ದಿಮ್ಮಿಯನ್ನು ತಬ್ಬಿ ಹಿಡಿದು, ತೊಡೆಯ ಮೇಲಿಟ್ಟುಕೊಂಡು, ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿದ ಮೇಲೆ ಯಾರೂ ಹೇಳದೆ ತಾನಾಗಿಯೇ ನಿಲ್ಲಿಸಿದಳು. ಮುಖದಲ್ಲಿ ದಣಿವಿನ ಬದಲು ಗೆಲುವಿತ್ತು.

ಮೂರು ವರ್ಷದ ಮಕ್ಕಳ ಗಮನ ನಿಮಿಷ ನಿಲ್ಲುವುದಿಲ್ಲ ಎಂದು ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ನಾವು ಹೇಳಿದ್ದರ ಮೇಲೆ ಅದು ನಿಲ್ಲುವುದಿಲ್ಲ, ನಿಜ. ತಾನೇ ಆರಿಸಿಕೊಂಡ, ತನ್ನ ವಯಸ್ಸಿಗೆ ಸರಿಯಾಗಿ ಕಷ್ಟವಿರುವ ಕೆಲಸದ ಮೇಲೆ ನಿಲ್ಲುತ್ತದೆ. ಇದೇ ಮಾಂಟೆಸ್ಸರಿಯ ಮೂಲ ಶೋಧನೆ ಎಂದು ನನಗೆ ಅನ್ನಿಸುತ್ತದೆ. ಗುಲಾಬಿ ಗೋಪುರ, ಬಂಗಾರದ ಮಣಿಯಂಥ ಪರಿಕರಗಳು, ಪುಟ್ಟ ಕುರ್ಚಿ ಎಲ್ಲವೂ ಆಮೇಲಿನವು.

ಮಗುವೇ ಆರಿಸಿಕೊಳ್ಳಲಿ ಎಂಬ ನಿಯಮವೂ ಮಕ್ಕಳಿಂದಲೇ ಬಂತು. ಮೊದಲಿಗೆ ಪರಿಕರಗಳೆಲ್ಲ ಬೀಗ ಹಾಕಿದ ಕಪಾಟಿನಲ್ಲಿರುತ್ತಿದ್ದವು, ಹಂಚುವುದು ಶಿಕ್ಷಕಿಯ ಕೆಲಸ. ಒಂದು ದಿನ ಆಕೆ ಬೀಗ ಹಾಕಲು ಮರೆತಿದ್ದರು, ಮರುದಿನ ಬರುವುದೂ ತಡವಾಯಿತು. ಬಂದು ನೋಡಿದರೆ ಮಕ್ಕಳು ಕಪಾಟು ತೆರೆದು ತಮಗೆ ಬೇಕಾದುದನ್ನು ಒಯ್ಯುತ್ತಿದ್ದರು. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸರಿ ಕಂಡದ್ದು ಬೇರೆ: ಯಾವ ವಸ್ತು ಎಲ್ಲಿದೆ, ತನಗೆ ಯಾವುದು ಬೇಕು ಎಂದು ಈ ಮಕ್ಕಳಿಗೆ ಗೊತ್ತಿದೆ. ಬೀಗದ ಕಪಾಟು ಹೋಗಿ ಮಗುವಿನ ಎದೆಯೆತ್ತರದ ತೆರೆದ ಅಲಮಾರಿಗಳು ಬಂದವು. ಕಾಣಿಕೆಯಾಗಿ ಬಂದ ಬೆಲೆಬಾಳುವ ಆಟಿಕೆಗಳು ಹೆಚ್ಚುಕಡಿಮೆ ಮುಟ್ಟದೆ ಉಳಿದವು. ಯಾರೂ ಆರಿಸಿಕೊಳ್ಳದ ವಸ್ತುಗಳನ್ನು ಮಾಂಟೆಸ್ಸರಿ ಕೋಣೆಯಿಂದ ತೆಗೆಸಿಬಿಟ್ಟರು. ಇಂದು ನಾವು ಕಾಣುವ ಪರಿಕರಗಳು ಹೀಗೆ ಮಕ್ಕಳ ಕೈಯಲ್ಲಿ ಪರೀಕ್ಷೆಯಾಗಿ ಪಾಸಾದವು.

ಬಹುಮಾನದ ವಿಚಾರದಲ್ಲೂ ಹೀಗೇ ಆಯಿತು. ಚೆನ್ನಾಗಿ ನಡೆದುಕೊಂಡ ಹುಡುಗನೊಬ್ಬನಿಗೆ ಶಿಕ್ಷಕಿ ಎದೆಗೆ ಪದಕ ತೊಡಿಸಿದ್ದರು. ತಂಟೆ ಮಾಡಿದ ಇನ್ನೊಬ್ಬನನ್ನು ಶಿಕ್ಷೆಯಾಗಿ ಕುರ್ಚಿಯ ಮೇಲೆ ಕೂರಿಸಿದ್ದರು. ಪದಕದವನು ಪರಿಕರಗಳನ್ನು ಅತ್ತಿತ್ತ ಒಯ್ಯುವ ಕೆಲಸದಲ್ಲಿ ಮುಳುಗಿದ್ದ, ಪದಕ ಕಳಚಿ ಬಿತ್ತು. ಕುರ್ಚಿಯವನು ಅದನ್ನು ಎತ್ತಿಕೊಂಡು, ನಾನು ಹಾಕಿಕೊಳ್ಳಲೇ ಎಂದು ಕೇಳಿದ. ಧಾರಾಳವಾಗಿ ಹಾಕಿಕೋ ಎಂದು ಮೊದಲಿನವನು ತನ್ನ ಕೆಲಸಕ್ಕೆ ಹೋದ. ಏನೂ ಮಾಡಲು ಇಲ್ಲದ ಹುಡುಗನಿಗೆ ಪದಕದಿಂದ ಸಮಾಧಾನವಾಯಿತು, ಕೆಲಸವಿದ್ದವನಿಗೆ ಅದರ ಅಗತ್ಯವೇ ಕಾಣಲಿಲ್ಲ.

ಈ ಘಟನೆ ನಡೆದು ಆರು ದಶಕಗಳ ಮೇಲೆ, 1973ರಲ್ಲಿ, ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಅಮೆರಿಕದ ಒಂದು ನರ್ಸರಿಯಲ್ಲಿ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆಯುಳ್ಳ ಪ್ರಮಾಣಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಮೊದಲು ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರಗಳ ನಂತರ ಬಿಡುವಿನ ಸಮಯದಲ್ಲಿ ಪೆನ್ನುಗಳನ್ನು ಮಕ್ಕಳ ಮುಂದಿಟ್ಟಾಗ, ಬಹುಮಾನದ ಆಸೆಗೆ ಚಿತ್ರ ಬಿಡಿಸಿದ್ದವರು ಉಳಿದವರು ಕಳೆದ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಇಷ್ಟದ ಕೆಲಸ ಸಂಬಳದ ಕೆಲಸವಾಗಿತ್ತು, ಸಂಬಳ ನಿಂತಾಗ ಕೆಲಸವೂ ತಗ್ಗಿತು. ಮನೆಪಾಠದ ನೋಟ್‌ಬುಕ್ಕಿನಲ್ಲಿ ಸ್ಟಾರ್ ಎಣಿಸುವ ಅಪ್ಪ ಅಮ್ಮಂದಿರು ಈ ಪ್ರಯೋಗವನ್ನು ನೆನಪಿಡಬೇಕು.

ಇನ್ನು ವಯಸ್ಸಿನ ಪ್ರಶ್ನೆ. ಮಾಂಟೆಸ್ಸರಿ ಮನೆಗೆ ಮೂರರಿಂದ ಆರು ವರ್ಷದ ಮಕ್ಕಳೇ ಏಕೆ? ಡಚ್ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಅವರಿಂದ ಮಾಂಟೆಸ್ಸರಿ ಒಂದು ಕಲ್ಪನೆಯನ್ನು ಪಡೆದರು. ಕೆಲವು ಚಿಟ್ಟೆಗಳ ಮರಿಹುಳು ಮೊಟ್ಟೆಯಿಂದ ಹೊರಬಂದಾಗ ಬೆಳಕಿನ ಕಡೆಗೆ ವಿಪರೀತ ಸೆಳೆತ ಹೊಂದಿರುತ್ತದೆ. ಆ ಸೆಳೆತ ಅದನ್ನು ರೆಂಬೆಯ ತುದಿಗೆ, ಅಲ್ಲಿರುವ ಎಳೆ ಚಿಗುರಿನ ಬಳಿಗೆ ಒಯ್ಯುತ್ತದೆ. ಹುಳು ಬಲಿತು ಗಟ್ಟಿ ಎಲೆ ತಿನ್ನುವಂತಾದಾಗ ಬೆಳಕಿನ ಆ ಸೆಳೆತ ಇಲ್ಲವಾಗುತ್ತದೆ. ಮಗುವಿನಲ್ಲೂ ಮಾತಿಗೆ, ಅಚ್ಚುಕಟ್ಟಿಗೆ, ಸ್ಪರ್ಶಕ್ಕೆ, ನಡಿಗೆಗೆ ಇಂಥ ಸಂವೇದನಾ ಕಾಲಗಳಿವೆ ಎಂದು ಮಾಂಟೆಸ್ಸರಿ ವಾದಿಸಿದರು.

ಮಾತಿನ ವಿಷಯದಲ್ಲಿ ಇದಕ್ಕೆ ಸಿಕ್ಕ ಸಾಕ್ಷ್ಯ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತಾಡುವ ಮನೆಗಳ ಹಸುಳೆಗಳಿಗೆ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಕೇಳಿಸಿದರು. ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಈ ಎರಡರ ನಡುವಿನ ಭೇದ ಹಿಡಿಯುವುದು ಬಹಳ ಕಷ್ಟ. ಆರರಿಂದ ಎಂಟು ತಿಂಗಳ ಕೂಸುಗಳು ಮಾತ್ರ ಸಲೀಸಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಪಾಲು ಮಾಯವಾಗಿತ್ತು. ಕಿವಿ ಮಂದವಾದದ್ದಲ್ಲ. ಮಿದುಳು ಸುತ್ತಲಿನ ಭಾಷೆಗೆ ತನ್ನನ್ನು ಒಗ್ಗಿಸಿಕೊಂಡು, ಬೇಡದ ಭೇದಗಳನ್ನು ಕೈಬಿಟ್ಟಿತ್ತು. ಎಲ್ಲ ಕಲಿಕೆಗೂ ಇಷ್ಟು ಬಿಗಿಯಾದ ಗಡುವು ಇಲ್ಲ, ಮಾಂಟೆಸ್ಸರಿ ಪಟ್ಟಿ ಮಾಡಿದ ಎಲ್ಲ ಕಾಲಗಳಿಗೂ ಇಷ್ಟು ಗಟ್ಟಿ ಪುರಾವೆಯೂ ಇಲ್ಲ. ಆದರೆ ಕಲಿಯುವ ಹಸಿವು ಒಳಗಿನಿಂದ, ತನ್ನದೇ ಕಾಲಕ್ಕೆ ಬರುತ್ತದೆ ಎಂಬ ಮೂಲ ಮಾತು ನಿಂತಿದೆ.

ಮೂರರಿಂದ ಆರರ ನಡುವೆ ಗಮನಾರ್ಹವಾಗಿ ಬೆಳೆಯುವ ಇನ್ನೊಂದು ಶಕ್ತಿಯಿದೆ. ಮನೋವಿಜ್ಞಾನಿಗಳು ಅದನ್ನು ಕಾರ್ಯನಿರ್ವಾಹಕ ಸಾಮರ್ಥ್ಯ ಎನ್ನುತ್ತಾರೆ: ಮನಸ್ಸಿಗೆ ಬಂದದ್ದನ್ನು ತಡೆದುಕೊಳ್ಳುವುದು, ಮಾಡಬೇಕಾದುದನ್ನು ನೆನಪಿನಲ್ಲಿ ಹಿಡಿದಿರುವುದು, ನಿಯಮ ಬದಲಾದಾಗ ತಾನೂ ಬದಲಾಗುವುದು. ಹಣೆಯ ಹಿಂದಿನ ಮಿದುಳಿನ ಭಾಗ ಇದಕ್ಕೆ ಮುಖ್ಯ ಆಧಾರ. ಅಳೆಯುವ ಒಂದು ಸರಳ ಪರೀಕ್ಷೆ ಹೀಗಿದೆ. ಕೆಂಪು ಮೊಲ, ನೀಲಿ ದೋಣಿ ಇತ್ಯಾದಿ ಚಿತ್ರಗಳ ಕಾರ್ಡುಗಳನ್ನು ಮೊದಲು ಬಣ್ಣದ ಪ್ರಕಾರ ವಿಂಗಡಿಸಲು ಹೇಳುತ್ತಾರೆ. ಆಮೇಲೆ, ಈಗ ಬಣ್ಣ ಬೇಡ, ಆಕಾರ ನೋಡು ಎನ್ನುತ್ತಾರೆ. ಮೂರು ವರ್ಷದ ಬಹಳ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳುತ್ತಾರೆ, ಕೈ ಮಾತ್ರ ಹಳೆಯ ನಿಯಮದಂತೆಯೇ ಹೋಗುತ್ತದೆ. ಐದರ ಹೊತ್ತಿಗೆ ಹೆಚ್ಚಿನವರು ಗೆಲ್ಲುತ್ತಾರೆ. ನಡುವಿನ ಈ ಎರಡು ವರ್ಷಗಳಲ್ಲಿ ಮಗು ಏನು ಮಾಡುತ್ತ ಕಾಲ ಕಳೆಯುತ್ತದೆ ಎನ್ನುವುದು ಮುಖ್ಯ.

ಮಾಂಟೆಸ್ಸರಿ ಮನೆಯಲ್ಲಿ ಅದು ಏನು ಮಾಡುತ್ತದೆ? ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಸಬೇಕು. ಮಗುವೇ ಮುಂದಾಳು ಎಂದರೆ ಮಗು ಮನಬಂದಂತೆ ಮಾಡುವುದು ಎಂದು ಅನೇಕರು ತಿಳಿದಿದ್ದಾರೆ. ಒಂದು ಬೆಳಗ್ಗೆ ಹೋಗಿ ನೋಡಿದರೆ ಸಾಕು. ಮೂರೂವರೆ ವರ್ಷದ ಹುಡುಗ ನೀರು ಸುರಿಯುವ ತಟ್ಟೆಯನ್ನು ಅಲಮಾರಿಯಿಂದ ಇಳಿಸಿಕೊಂಡಿದ್ದಾನೆ. ಎರಡು ಗಾಜಿನ ಪುಟ್ಟ ಹೂಜಿ, ಒಂದರಲ್ಲಿ ನೀರು. ಪ್ಲಾಸ್ಟಿಕ್ ಏಕಿಲ್ಲ ಎಂದರೆ, ಬಿದ್ದರೆ ಒಡೆಯುವ ವಸ್ತು ಮಾತ್ರ ಕೈಗೆ ಜಾಗ್ರತೆ ಕಲಿಸುತ್ತದೆ. ತಟ್ಟೆ ಎದೆಗೆ ತಾಗದಂತೆ, ನೀರು ತುಳುಕದಂತೆ ಅವನು ಮೇಜಿನವರೆಗೆ ನಡೆಯಬೇಕು. ದಾರಿಯಲ್ಲಿ ಯಾರದೋ ಮ್ಯಾಟ್ ಹಾಸಿದೆ, ತುಳಿಯದೆ ಸುತ್ತಿ ಹೋಗಬೇಕು. ಬಲಗೈಯಲ್ಲಿ ಹಿಡಿ, ಎಡಗೈ ಹೂಜಿಯ ಹೊಟ್ಟೆಗೆ. ಸುರಿಯುತ್ತಾನೆ. ಕೊನೆಯ ಹನಿ ಮೂತಿಯಲ್ಲಿ ಜೋತುಬಿದ್ದಿದೆ, ಅದು ಬೀಳುವವರೆಗೂ ಕಾಯುತ್ತಾನೆ. ಎರಡು ಹನಿ ತಟ್ಟೆಗೆ ಬಿದ್ದರೆ ಸ್ಪಂಜು ತೆಗೆದು ಒರೆಸುತ್ತಾನೆ. ಮತ್ತೆ ಈ ಹೂಜಿಯಿಂದ ಆ ಹೂಜಿಗೆ. ಸಾಕಾದಾಗ ಎಲ್ಲವನ್ನೂ ಮೊದಲಿದ್ದಂತೆ ಜೋಡಿಸಿ ಅಲಮಾರಿಗೆ ಒಯ್ಯುತ್ತಾನೆ. ಅವನಿಗಾಗಿ ಒಬ್ಬ ಹುಡುಗಿ ಅಲಮಾರಿಯ ಬಳಿ ಕಾದು ನಿಂತಿದ್ದಾಳೆ, ಏಕೆಂದರೆ ಆ ತಟ್ಟೆ ಕೋಣೆಯಲ್ಲಿ ಒಂದೇ ಇರುವುದು.

ಆ ಒಂದೇ ಎಂಬುದು ಬಡತನದಿಂದಲ್ಲ, ಬೇಕೆಂದೇ. ಗುಲಾಬಿ ಗೋಪುರವೂ ಒಂದೇ: ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಘನಗಳು. ಬೇರೊಬ್ಬರ ಕೈಯಲ್ಲಿದ್ದರೆ ಕಿತ್ತುಕೊಳ್ಳುವಂತಿಲ್ಲ, ಕಾಯಬೇಕು ಇಲ್ಲವೇ ಬೇರೆ ಕೆಲಸ ಆರಿಸಿಕೊಳ್ಳಬೇಕು. ತಡೆದುಕೊಳ್ಳುವುದು, ನೆನಪಿಡುವುದು, ಬದಲಾಗುವುದು ಈ ಮೂರಕ್ಕೂ ದಿನಕ್ಕೆ ಹತ್ತಾರು ಸಲ ತಾಲೀಮು, ಅದೂ ಉಪದೇಶವಿಲ್ಲದೆ. ತರಬೇತಿ ಪಡೆದವರು ಇಪಿಎಲ್ ಎಂದು ಕರೆಯುವ ಈ ದಿನನಿತ್ಯದ ಕೆಲಸಗಳನ್ನು, ಅಂದರೆ ಸುರಿಯುವುದು, ಒರೆಸುವುದು, ಗುಂಡಿ ಹಾಕುವುದನ್ನು, ಅಕ್ಷರ ಕಲಿಸದೆ ಕಾಲಹರಣ ಮಾಡುವುದು ಎಂದು ದೂರುವ ಪೋಷಕರು ಬಹಳ. ಇಡೀ ಪದ್ಧತಿಯ ತಳಹದಿಯೇ ಅಲ್ಲಿದೆ.

ಹಾಗಾದರೆ ಮಕ್ಕಳು ಆಂಟಿ ಎಂದು ಕರೆಯುವ ಆ ದೊಡ್ಡವರ ಪಾತ್ರವೇನು? ಅವರದು ಕಷ್ಟದ ಕೆಲಸ. ಹೊಸ ಪರಿಕರವನ್ನು ಒಂದು ಮಗುವಿಗೆ, ಪಕ್ಕದಲ್ಲಿ ಕುಳಿತು, ಬಹಳ ನಿಧಾನವಾಗಿ, ಬಹುತೇಕ ಮಾತಿಲ್ಲದೆ ಮಾಡಿ ತೋರಿಸುತ್ತಾರೆ. ಇದು ಪ್ರೆಸೆಂಟೇಶನ್. ಹೆಸರು ಕಲಿಸುವುದಕ್ಕೆ ಸೆಗೆನ್ ಅವರಿಂದ ಬಂದ ಮೂರು ಹಂತಗಳಿವೆ. ಮೊದಲು, ಇದು ದೊಡ್ಡದು, ಇದು ಚಿಕ್ಕದು. ಆಮೇಲೆ, ದೊಡ್ಡದನ್ನು ನನಗೆ ಕೊಡು. ಕೊನೆಯಲ್ಲಿ, ಇದು ಯಾವುದು? ಎರಡನೆಯ ಹಂತದಲ್ಲಿ ಮಗು ತಪ್ಪಿದರೆ ತಿದ್ದುವಂತಿಲ್ಲ. ನಗುತ್ತ ಪಾಠ ಮುಗಿಸಿ ಇನ್ನೊಂದು ದಿನಕ್ಕೆ ಬಿಡಬೇಕು, ಯಾಕೆಂದರೆ ಆ ತಪ್ಪು ಹೇಳುವುದು ಮಗು ಇನ್ನೂ ಸಿದ್ಧವಾಗಿಲ್ಲ ಎಂಬುದನ್ನು ಮಾತ್ರ. ತೋರಿಸಿದ ಮೇಲೆ ಎದ್ದು ದೂರ ಹೋಗಿ ಗಮನಿಸುತ್ತ ಟಿಪ್ಪಣಿ ಬರೆಯಬೇಕು. ಕೆಲಸದಲ್ಲಿ ಮುಳುಗಿದ ಮಗುವಿನ ಹತ್ತಿರ ಹೋಗಿ "ಭೇಷ್" ಎನ್ನುವುದೂ ಅಡ್ಡಿಯೇ. ನಮ್ಮಂಥ ಮಾತುಗಾರ ಜನಕ್ಕೆ ಈ ಸಂಯಮ ಸುಲಭವಲ್ಲ.

ಅಕ್ಷರದ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲ ತಂದೆತಾಯಂದಿರ ಆತಂಕ ಅಲ್ಲೇ ಇರುತ್ತದೆ. ಸ್ಯಾನ್ ಲೊರೆಂಜೊ ಮಕ್ಕಳು ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಅದರ ಧ್ವನಿಯನ್ನು ಹೇಳುತ್ತಿದ್ದರು. ಬಿಡಿ ಅಕ್ಷರಗಳನ್ನು ಜೋಡಿಸಿ ಪದ ಕಟ್ಟುತ್ತಿದ್ದರು. ಒಂದು ಚಳಿಗಾಲದ ಬಿಸಿಲಿನಲ್ಲಿ, ಕಟ್ಟಡದ ತಾರಸಿಯ ಮೇಲೆ, ಮಾಂಟೆಸ್ಸರಿ ಐದು ವರ್ಷದ ಹುಡುಗನೊಬ್ಬನ ಕೈಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬಿಡಿಸು ಎಂದರು. ಬಿಡಿಸಿದ ಮೇಲೆ ಅವನು ಇದ್ದಕ್ಕಿದ್ದಂತೆ ನೆಲದ ಮೇಲೆ ಕೈ ಎಂದು ಬರೆದ, ಆಮೇಲೆ ಹೊಗೆಗೂಡು, ಆಮೇಲೆ ಛಾವಣಿ. ನನಗೆ ಬರೆಯಲು ಬರುತ್ತದೆ ಎಂದು ಕೂಗಿ ಕುಣಿದ. ಉಳಿದವರೂ ಸೀಮೆಸುಣ್ಣ ಕೇಳಿದರು. ಯಾರೂ ಅವರಿಗೆ ಬರವಣಿಗೆಯ ಪಾಠ ಮಾಡಿರಲಿಲ್ಲ. ಬೆರಳು, ಕಿವಿ, ಮಣಿಕಟ್ಟು ಬೇರೆ ಬೇರೆಯಾಗಿ ಸಿದ್ಧವಾಗಿದ್ದವು, ಆ ದಿನ ಕೂಡಿಕೊಂಡವು.

ಇಟಾಲಿಯನ್ ಭಾಷೆಯಲ್ಲಿ ಕೇಳಿದ್ದನ್ನೇ ಬರೆಯಬಹುದು, ಆದ್ದರಿಂದಲೇ ಇದು ಸಾಧ್ಯವಾಯಿತು. ಕನ್ನಡದಲ್ಲೂ ಹಾಗೆಯೇ. ಅಕ್ಕಿಯ ಮೇಲೆ, ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವ ಪದ್ಧತಿಯೂ ನಮ್ಮಲ್ಲಿ ಹಳೆಯದು. ಆದರೆ ಕನ್ನಡಕ್ಕೆ ತನ್ನದೇ ತೊಡಕಿದೆ. ನಮ್ಮ ಅಕ್ಷರ ಒಂದೊಂದು ಧ್ವನಿಗಲ್ಲ, ಇಡೀ ಉಚ್ಚಾರದ ಘಟಕಕ್ಕೆ ನಿಲ್ಲುತ್ತದೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ನಡೆಸಿದ ಅಧ್ಯಯನಗಳು ತೋರಿಸಿದ್ದು ಇದನ್ನೇ: ಈ ಕಲಿಕೆ ಒಂದನೇ ತರಗತಿಯಲ್ಲಿ ಮುಗಿಯುವುದಿಲ್ಲ, ಹಲವು ವರ್ಷ ಸಾಗುತ್ತದೆ. ಆದ್ದರಿಂದ ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಪೆಟ್ಟಿಗೆಯನ್ನು ನಕಲು ಮಾಡಿದರೆ ಸಾಲದು. ಗುಣಿತದ ಚಿಹ್ನೆಗಳನ್ನು, ಒತ್ತುಗಳನ್ನು ಬಿಡಿಬಿಡಿಯಾಗಿ ಕೈಯಲ್ಲಿ ಹಿಡಿದು ಕೂಡಿಸುವಂಥ ಕನ್ನಡದ ಪರಿಕರ ಬೇಕು. ಬೆಂಗಳೂರಿನ ಮಾಂಟೆಸ್ಸರಿ ಮನೆಗಳಲ್ಲಿ ಮಗುವಿಗೆ ಮೊದಲು ಸಿಗುವ ಮರಳುಕಾಗದದ ಅಕ್ಷರ ಸಾಮಾನ್ಯವಾಗಿ ಇಂಗ್ಲಿಷಿನದು. ಮನೆಮಾತಿನಲ್ಲಿ ಸಿಗಬೇಕಾದ ಸುಲಭದ ದಾರಿ ಬಿಟ್ಟು, ಬರೆದದ್ದೊಂದು ಉಚ್ಚರಿಸುವುದೊಂದು ಎಂಬ ಭಾಷೆಯಿಂದ ಆರಂಭಿಸುವುದು ಮಗುವಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಮಾಂಟೆಸ್ಸರಿ ನಮ್ಮ ದೇಶಕ್ಕೆ ಬಂದ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1931ರಲ್ಲಿ ಲಂಡನ್ನಿನ ಮಾಂಟೆಸ್ಸರಿ ತರಬೇತಿ ಕೇಂದ್ರದಲ್ಲಿ ಮಾತಾಡಿದ ಗಾಂಧೀಜಿ, ಇಂಥ ಶಿಕ್ಷಣ ಉಳ್ಳವರ ಮಕ್ಕಳಿಗಷ್ಟೇ ಅಲ್ಲದೆ ಕಡುಬಡವರ ಮಕ್ಕಳಿಗೂ ದೊರೆಯಲಿ ಎಂಬ ಆಸೆ ವ್ಯಕ್ತಪಡಿಸಿದ್ದರು. ಥಿಯಾಸಫಿಕಲ್ ಸೊಸೈಟಿಯ ಕರೆಯ ಮೇರೆಗೆ ಮಾಂಟೆಸ್ಸರಿ ಮಗ ಮಾರಿಯೊ ಜೊತೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಮೊದಲ ತರಬೇತಿಗೆ ಸುಮಾರು 300 ಮಂದಿ ಸೇರಿದರು, ತರಗತಿಗಳು ನಡೆದದ್ದು ಗರಿಯ ಚಪ್ಪರಗಳಲ್ಲಿ. 1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರ್ಕಾರಕ್ಕೆ ತಾಯಿ ಮಗ ಇಬ್ಬರೂ ಶತ್ರು ದೇಶದವರಾದರು. ಮಾರಿಯೊರನ್ನು ಸೆರೆಯಲ್ಲಿಟ್ಟರು, ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಬಿಟ್ಟರು. ಯುದ್ಧ ಮುಗಿಯುವವರೆಗೂ ಮಾಂಟೆಸ್ಸರಿ ಇಲ್ಲೇ ಇದ್ದರು, ಒಂದಷ್ಟು ಕಾಲ ಕೊಡೈಕನಾಲಿನಲ್ಲಿ. ಮಗುವಿನ ಮನಸ್ಸು ಸುತ್ತಲಿನದನ್ನು ಹೀರಿಕೊಳ್ಳುವ ಬಗೆಯನ್ನು ಕುರಿತ ಅವರ ಪ್ರಸಿದ್ಧ ಪುಸ್ತಕ 1949ರಲ್ಲಿ ಮದರಾಸಿನಲ್ಲೇ ಪ್ರಕಟವಾಯಿತು.

ಅವರು ಬರುವ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, ಮುಂದೆ ಅನುತಾಯಿ ವಾಘ್ ಜೊತೆಗೂಡಿ, ಮಹಾರಾಷ್ಟ್ರದ ಆದಿವಾಸಿ ಹಾಡಿಗಳ ಅಂಗಳಗಳಿಗೇ ಬಾಲವಾಡಿಯನ್ನು ಒಯ್ದರು. ಇಟಲಿಯ ಪಾಲಿಶ್ ಮರದ ಬದಲು ಬೀಜ, ಕಪ್ಪೆಚಿಪ್ಪು, ಕಡ್ಡಿ, ಎಲೆ. ನಮ್ಮ ಅಂಗನವಾಡಿಯ ಹೆಸರೂ ಹುರುಪೂ ಅಲ್ಲಿಂದ ಬಂದವು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ, ಅಲ್ಲಿನ 100 ಅಂಗನವಾಡಿಗಳು. 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಿ ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರಿಟ್ಟರು. ವಠಾರದ ಬಡ ಮಕ್ಕಳಿಂದ ಶುರುವಾದ ಪದ್ಧತಿ ಮತ್ತೆ ಅಂಥ ಮಕ್ಕಳ ಬಳಿಗೆ ಹೋಗುವುದಾದರೆ ಅದಕ್ಕಿಂತ ಸಂತೋಷವಿಲ್ಲ. ಆದರೆ ಹೆಸರಿನ ಜೊತೆ ತರಬೇತಿ, ಪರಿಕರ ಮತ್ತು ಸಮಯವೂ ಹೋಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಇದು ನಿಜಕ್ಕೂ ಫಲ ಕೊಡುತ್ತದೆಯೇ? ಅಳೆಯುವುದು ಸುಲಭವಲ್ಲ. ಮಾಂಟೆಸ್ಸರಿ ಶಾಲೆ ಹುಡುಕಿ ಹೋಗುವ ತಂದೆತಾಯಿ ಮೊದಲೇ ಬೇರೆ ಬಗೆಯವರು, ಅವರ ಮಕ್ಕಳು ಯಾವ ಶಾಲೆಯಲ್ಲಿದ್ದರೂ ಚೆನ್ನಾಗಿ ಕಲಿಯಬಹುದು. ಇದಕ್ಕೆ ಅಮೆರಿಕದ ಸಂಶೋಧಕಿ ಏಂಜಲೀನ್ ಲಿಲ್ಲಾರ್ಡ್ ಒಂದು ಜಾಣ ಉಪಾಯ ಕಂಡುಕೊಂಡರು. ಕೆಲವು ಸಾರ್ವಜನಿಕ ಮಾಂಟೆಸ್ಸರಿ ಶಾಲೆಗಳಿಗೆ ಅರ್ಜಿಗಳು ಹೆಚ್ಚಾಗಿ ಬಂದು ಚೀಟಿ ಎತ್ತುತ್ತಾರೆ. ಸೀಟು ಸಿಕ್ಕವರ ಮತ್ತು ಸಿಗದವರ ಪೋಷಕರ ಆಸೆ ಒಂದೇ, ಭೇದ ಅದೃಷ್ಟದ್ದು ಮಾತ್ರ. ಮಿಲ್ವಾಕಿ ನಗರದಲ್ಲಿ ಹೀಗೆ 112 ಮಕ್ಕಳನ್ನು ಹೋಲಿಸಿದ ಅಧ್ಯಯನ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಐದು ವರ್ಷದ ಮಾಂಟೆಸ್ಸರಿ ಮಕ್ಕಳು ಅಕ್ಷರ, ಲೆಕ್ಕ, ನಾನು ಮೇಲೆ ಹೇಳಿದಂಥ ಕಾರ್ಡು ವಿಂಗಡಣೆ, ಇನ್ನೊಬ್ಬರ ಮನಸ್ಸನ್ನು ಅರಿಯುವುದು ಇವುಗಳಲ್ಲಿ ಮುಂದಿದ್ದರು. ಶಬ್ದಸಂಪತ್ತಿನಲ್ಲಿ ಭೇದವಿರಲಿಲ್ಲ. 2017ರಲ್ಲಿ ಹಾರ್ಟ್‌ಫರ್ಡ್ ನಗರದ 141 ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದ ಅಧ್ಯಯನ ಪ್ರಕಟವಾಯಿತು. ಅಲ್ಲಿ ಬಡ ಮತ್ತು ಉಳ್ಳ ಮನೆಗಳ ಮಕ್ಕಳ ಕಲಿಕೆಯ ಅಂತರ ಮಾಂಟೆಸ್ಸರಿ ತರಗತಿಗಳಲ್ಲಿ ಕಿರಿದಾಗಿತ್ತು. 2025ರಲ್ಲಿ 24 ಸಾರ್ವಜನಿಕ ಶಾಲೆಗಳ, 588 ಮಕ್ಕಳ ದೊಡ್ಡ ಅಧ್ಯಯನವೂ ಬಂತು. ಆರನೇ ವಯಸ್ಸಿನ ಆಸುಪಾಸಿನಲ್ಲಿ ಓದು, ನೆನಪು, ಕಾರ್ಯನಿರ್ವಾಹಕ ಸಾಮರ್ಥ್ಯಗಳಲ್ಲಿ ಮಾಂಟೆಸ್ಸರಿ ಮಕ್ಕಳು ಮುಂದಿದ್ದರು, ತಲಾ ಖರ್ಚು ಕಡಿಮೆಯೇ ಆಗಿತ್ತು. ಮೂರು ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗಿದ್ದು ಒಬ್ಬರಿಂದೊಬ್ಬರು ಕಲಿಯುವಾಗ ಒಬ್ಬ ಶಿಕ್ಷಕಿ ಹೆಚ್ಚು ಮಕ್ಕಳನ್ನು ನೋಡಿಕೊಳ್ಳಬಹುದು.

ಎಲ್ಲ ಫಲಿತಾಂಶವೂ ಒಂದೇ ಕಡೆ ವಾಲಿಲ್ಲ. ಫ್ರಾನ್ಸಿನ ಲಿಯೋಂ ಬಳಿಯ ಬಡ ಬಡಾವಣೆಯೊಂದರ ಸರ್ಕಾರಿ ಶಾಲೆಯಲ್ಲಿ 176 ಮಕ್ಕಳನ್ನು ಹೋಲಿಸಿದ 2021ರ ಅಧ್ಯಯನದಲ್ಲಿ, ಓದಿನಲ್ಲಿ ಮಾತ್ರ ಮಾಂಟೆಸ್ಸರಿ ಮಕ್ಕಳು ಮುಂದಿದ್ದರು. ಲೆಕ್ಕದಲ್ಲಿ, ಕಾರ್ಯನಿರ್ವಾಹಕ ಸಾಮರ್ಥ್ಯದಲ್ಲಿ ಎರಡೂ ಗುಂಪು ಸಮ. ಹಳೆಯ ಟೀಕೆಯೂ ಒಂದಿದೆ. 1914ರಲ್ಲೇ ಅಮೆರಿಕದ ವಿಲಿಯಂ ಕಿಲ್ಪಾಟ್ರಿಕ್, ಪರಿಕರಗಳು ತೀರಾ ಕಟ್ಟುನಿಟ್ಟು, ಕಲ್ಪನೆಗೆ ಜಾಗವಿಲ್ಲ ಎಂದಿದ್ದರು. ಚಿಕ್ಕ ಮಕ್ಕಳ ಕಾಲ್ಪನಿಕ ಆಟದ ಬಗ್ಗೆ ಮಾಂಟೆಸ್ಸರಿಗೆ ಒಲವು ಕಡಿಮೆಯಿತ್ತು ಎಂಬುದು ನಿಜ. ಇದರಲ್ಲಿ ನಾನು ಕಿಲ್ಪಾಟ್ರಿಕ್ ಕಡೆಗೆ ಸ್ವಲ್ಪ ವಾಲುತ್ತೇನೆ. ಕತೆ ಹೇಳುವುದನ್ನು, ಅಡುಗೆಯಾಟವನ್ನು ಬಿಟ್ಟುಕೊಟ್ಟು ಅಚ್ಚುಕಟ್ಟನ್ನು ಪಡೆಯಬೇಕಿಲ್ಲ, ಎರಡಕ್ಕೂ ಒಂದು ಮಗುವಿನ ದಿನದಲ್ಲಿ ಜಾಗವಿದೆ.

ಇನ್ನೊಂದು ಅಧ್ಯಯನ ಪೋಷಕರಿಗೆ ನೇರವಾಗಿ ಬೇಕಾದದ್ದು. 2012ರಲ್ಲಿ ಲಿಲ್ಲಾರ್ಡ್ ಮೂಲ ಪದ್ಧತಿಯನ್ನು ಪಾಲಿಸುವ ಮಾಂಟೆಸ್ಸರಿ ತರಗತಿಗಳನ್ನು, ವರ್ಕ್‌ಶೀಟು ಮತ್ತಿತರ ವಸ್ತುಗಳನ್ನು ಬೆರೆಸಿಕೊಂಡ ತರಗತಿಗಳ ಜೊತೆ ಹೋಲಿಸಿದರು. ಮೂಲ ಪದ್ಧತಿಯ ತರಗತಿಗಳ ಮಕ್ಕಳ ಬೆಳವಣಿಗೆ ಹೆಚ್ಚಿತ್ತು. ಬೆರಕೆಯಾದಷ್ಟೂ ಲಾಭ ತಗ್ಗಿತು. ಮಾಂಟೆಸ್ಸರಿ ಎಂಬ ಹೆಸರಿಗೆ ಯಾರ ಹಕ್ಕೂ ಇಲ್ಲ. ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 1967ರಲ್ಲೇ ಅದು ಸಾಮಾನ್ಯ ಪದ ಎಂದು ತೀರ್ಮಾನಿಸಿತು. ನಮ್ಮಲ್ಲೂ ಗೇಟಿನ ಮೇಲೆ ಯಾರು ಬೇಕಾದರೂ ಬರೆಸಬಹುದು.

ಆದ್ದರಿಂದ ಬೋರ್ಡು ನೋಡಬೇಡಿ, ಕೋಣೆ ನೋಡಿ. ಬೆಳಗಿನ ಹೊತ್ತು ಅರ್ಧ ಗಂಟೆ ಮೂಲೆಯಲ್ಲಿ ಕೂರಲು ಅನುಮತಿ ಕೇಳಿ. ಕೊಡದಿದ್ದರೆ ಅದೇ ಒಂದು ಉತ್ತರ. ಮೂರು, ನಾಲ್ಕು, ಐದರ ಮಕ್ಕಳು ಒಟ್ಟಿಗಿದ್ದಾರೆಯೇ, ಪರಿಕರ ಮಗುವಿನ ಕೈಗೆ ಎಟಕುತ್ತದೆಯೇ ಅಥವಾ ಅತಿಥಿಗಳಿಗೆ ತೋರಿಸಲು ಗಾಜಿನ ಹಿಂದಿದೆಯೇ, ಗಂಟೆ ಹೊಡೆದು ಕೆಲಸ ನಿಲ್ಲಿಸುತ್ತಾರೆಯೇ, ದೊಡ್ಡವರ ದನಿ ಎಷ್ಟು ಕೇಳಿಸುತ್ತದೆ ಎಂದು ಗಮನಿಸಿ. ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ ಒಂದೇ ಪುಟಕ್ಕೆ ಬಣ್ಣ ತುಂಬುತ್ತಿದ್ದರೆ ಶುಲ್ಕ ಎಷ್ಟೇ ಇರಲಿ, ಅದು ಮಾಂಟೆಸ್ಸರಿ ಅಲ್ಲ. ಶುಲ್ಕ ಕಟ್ಟಲಾಗದವರು ಕೈಚೆಲ್ಲಬೇಕಾಗಿಲ್ಲ, ನಿಮ್ಮ ಬೀದಿಯ ಅಂಗನವಾಡಿಗೆ ಇದೇ ಪ್ರಶ್ನೆಗಳನ್ನು ಹಿಡಿದು ಹೋಗಿ, ಬೇಕಾದುದನ್ನು ಕೇಳಿ. ಮನೆಯಲ್ಲಿ ಮಾಡುವುದಕ್ಕೆ ಪರಿಕರವೂ ಬೇಡ. ಬಟಾಣಿ ಬಿಡಿಸಲಿ, ತಟ್ಟೆ ಲೋಟ ಜೋಡಿಸಲಿ, ಚೆಲ್ಲಿದ ನೀರನ್ನು ತಾನೇ ಒರೆಸಲಿ. ನಾಳೆ ಬೆಳಗ್ಗೆ ಹತ್ತು ನಿಮಿಷ ಮೊದಲೇ ಹೊರಡಲು ಸಿದ್ಧರಾಗಿ, ನಿಮ್ಮ ಮಗು ತನ್ನ ಚಪ್ಪಲಿಯ ಬಕಲನ್ನು ತಾನೇ ಹಾಕಿಕೊಳ್ಳಲು ಬಿಡಿ.